ತೊಳೆದ ಕೈಗೆ ಮೊಮ್ಮಗಳಿಲ್ಲ

ಲೋಕದಲ್ಲಿ ಕೈ ತೊಳೆಯುವವರು ಎರಡು ಬಗೆ. ಊಟಕ್ಕೆ ಮೊದಲು ತೊಳೆಯುವವರು, ಊಟವಾದ ಮೇಲೆ ತೊಳೆಯುವವರು. ಗಡಿಯಾರ ರಿಪೇರಿಯ ತೊಳೆಯಪ್ಪನವರು ಈ ಎರಡು ಪಂಗಡಕ್ಕೂ ಸೇರಿದವರಲ್ಲ. ಅವರು ಕೈ ತೊಳೆಯುವುದಕ್ಕೆ ಮುಂಚೆ ಒಮ್ಮೆ ಕೈ ತೊಳೆಯುವವರು. ಕೊಳೆ ಕೈಯಲ್ಲಿ ಸೋಪು ಮುಟ್ಟಿದರೆ ಸೋಪು ಕೊಳೆಯಾಗುವುದಿಲ್ಲವೇ, ಕೊಳೆಯಾದ ಸೋಪಿನಿಂದ ಕೈ ಹೇಗೆ ಶುದ್ಧವಾದೀತು ಎಂಬುದು ಅವರ ತರ್ಕ. ಇದಕ್ಕೆ ಉತ್ತರ ಕೊಡಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಬೀದಿಯವರು ಉತ್ತರದ ಬದಲು ಹೆಸರು ಕೊಟ್ಟರು. ತಂದೆತಾಯಿ ಇಟ್ಟ ಹೆಸರು ಅಂಗಡಿಯ ಬೋರ್ಡಿನ ಮೇಲಷ್ಟೇ ಉಳಿಯಿತು.

ಹಾಗೆಂದು ಅವರನ್ನು ಪೂರ್ತಿ ಆಡಿಕೊಳ್ಳುವಂತೆಯೂ ಇಲ್ಲ. ಕಸುಬೇ ಅಂಥದು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕೂರಿಸಬೇಕು. ಒಳಗೆ ಒಂದು ಧೂಳಿನ ಕಣ ಹೊಕ್ಕರೂ ಗಡಿಯಾರ ನಿಂತುಹೋಗುತ್ತದೆ. ಜೀವಮಾನವೆಲ್ಲ ಈ ಕೆಲಸ ಮಾಡಿದವರಿಗೆ ಲೋಕವೇ ಹಿಂಬದಿ ಬಿಚ್ಚಿಟ್ಟ ಗಡಿಯಾರದ ಹಾಗೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂಥವರ ಮನೆಗೆ ಮೊಮ್ಮಗಳು ಬಂದಳು. ಹಿರಿಯ ಮಗಳು ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ತವರಿಗೆ ಬಂದ ದಿನವೇ ತೊಳೆಯಪ್ಪನವರು ಬಾಗಿಲಲ್ಲಿ ಒಂದು ಚೆಕ್‌ಪೋಸ್ಟ್ ತೆರೆದರು. ಒಂದು ಬಕೆಟ್ಟು, ಒಂದು ಸೋಪು, ಉಗುರು ತಿಕ್ಕುವ ಬ್ರಷ್ಷು, ಒಂದು ಸ್ಟೂಲು. ಸ್ಟೂಲಿನ ಮೇಲೆ ಸ್ವತಃ ಅವರೇ, ಕಣ್ಣಲ್ಲಿ ಭೂತಗನ್ನಡಿ. ಬಂದ ನೆಂಟರು ಕೈ ತೊಳೆದು ಹತ್ತೂ ಉಗುರು ತೋರಿಸಬೇಕು. ಹೆಂಡತಿಯ ಅಕ್ಕ ಉಂಗುರದ ಸಂದಿಯ ವಿಷಯದಲ್ಲಿ ಫೇಲಾಗಿ, ಮಗುವಿಗೆಂದು ಹೆಣೆದು ತಂದಿದ್ದ ಟೋಪಿಯನ್ನು ವಾಪಸ್ಸು ತೆಗೆದುಕೊಂಡು ಹೋದರು. ಸ್ವಂತ ತಮ್ಮ ಗೇಟಿನ ಹತ್ತಿರ ಸೀನಿದ ತಪ್ಪಿಗೆ ಗೇಟಿನಿಂದಲೇ ಟಾಟಾ ಮಾಡಿ ಹೋಗಬೇಕಾಯಿತು. ಎದುರು ಮನೆಯ ನಿವೃತ್ತ ಟೀಚರಮ್ಮ ಮಾತ್ರ ಹಲವು ಪ್ರಯತ್ನಗಳ ಮೇಲೆ ಪಾಸಾದರು. ಅಲ್ಲಿಯವರೆಗೆ ಬೇರೆಯವರನ್ನು ಫೇಲು ಮಾಡಿಯಷ್ಟೇ ಗೊತ್ತಿದ್ದ ಆಕೆ ಇದನ್ನು ಮರೆಯುವ ಪೈಕಿಯಾಗಿರಲಿಲ್ಲ.

ಇವರೆಲ್ಲರ ಪಾಡು ಒಂದಾದರೆ ಬೀಗರ ಪಾಡೇ ಬೇರೆ. ಅಳಿಯನ ತಂದೆ ಲಾರಿ ಗ್ಯಾರೇಜಿನ ಮೆಕ್ಯಾನಿಕ್ಕು. ಆನೆಯಂಥ ಆಳು, ದನಿ ಮಾತ್ರ ಮೆತ್ತಗೆ. ಹೆಂಡತಿ ತೀರಿಕೊಂಡಿದ್ದರು, ಮಗನದು ಊರೂರು ಸುತ್ತುವ ನೌಕರಿ. ಮೊಮ್ಮಗಳು ಹುಟ್ಟಿದಂದಿನಿಂದ ಸಂಜೆ ಗ್ಯಾರೇಜು ಮುಚ್ಚಿದವರೇ ಸೀದಾ ಇಲ್ಲಿಗೆ ಬರುತ್ತಿದ್ದರು. ಆದರೆ ಅವರ ಅಂಗೈಯ ಗೆರೆಗೆರೆಯಲ್ಲೂ ಗ್ರೀಸು ಕೂತಿತ್ತು. ಸೋಪಿಗೆ ಹೋಗಲಿಲ್ಲ, ಸೀಮೆಎಣ್ಣೆಗೆ ಹೋಗಲಿಲ್ಲ, ಬ್ರಷ್ಷಿನ ಕೂದಲು ಉದುರಿತೇ ಹೊರತು ಗ್ರೀಸು ಕದಲಲಿಲ್ಲ.

"ಬೀಗರೇ, ಇದು ಕೊಳೆ ಅಲ್ಲ, ಬಣ್ಣ," ಎಂದು ಅವರು ಕೈ ಮುಂದೆ ಮಾಡುತ್ತಿದ್ದರು.

"ನನ್ನ ಕನ್ನಡಿಗೆ ಸುಳ್ಳು ಹೇಳೋಕೆ ಬರಲ್ಲ ಬೀಗರೇ," ಎನ್ನುತ್ತಿದ್ದರು ತೊಳೆಯಪ್ಪನವರು.

ಹೀಗಾಗಿ ಬೀಗರು ಜಗುಲಿಯ ಬೆಂಚಿನ ಮೇಲೆ ಕೂತು, ಕಿಟಕಿಯ ಸರಳುಗಳ ನಡುವಿನಿಂದ ತೊಟ್ಟಿಲನ್ನು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಆ ಮಗುವಿಗೆ ತಾತನೆಂದರೆ ಸರಳುಗಳ ಆಚೆಗಿನ ಒಂದು ಮೀಸೆ ಎಂದು ಅಭ್ಯಾಸವಾಗಿಬಿಟ್ಟಿತ್ತು.

ಇದನ್ನು ನೋಡಲಾಗದೆ ನಡುವೆ ಬಂದವಳು ಕಿರಿಯ ಮಗಳು. ಅವಳು ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ಆಗಷ್ಟೇ ಸೂಕ್ಷ್ಮಜೀವಿಶಾಸ್ತ್ರದ ಪಾಠ ಶುರುವಾಗಿ, ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಉದ್ದುದ್ದ ಹೆಸರು ಹೇಳಿ ಹೆದರಿಸುವ ಹಂತದಲ್ಲಿದ್ದಳು. ಒಂದು ಸಂಜೆ ಚೀಲದಿಂದ ಮೂರು ದುಂಡನೆಯ ಪ್ಲಾಸ್ಟಿಕ್ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಒಂದೊಂದಕ್ಕೂ ಒಂದೊಂದು ಪಾರದರ್ಶಕ ಮುಚ್ಚಳ, ಒಳಗೆ ತಿಳಿಹಳದಿ ಜೆಲ್ಲಿ.

"ಇದು ಅಗರ್. ಬ್ಯಾಕ್ಟೀರಿಯಾಗೆ ಊಟ, ಹಾಸಿಗೆ ಎಲ್ಲ ಇದೇ," ಎಂದಳು. "ಮನೇಲಿ ಇಬ್ಬರ ಕೈ ಇದರ ಮೇಲೆ ಒತ್ತಿಸ್ಕೊಂಡು ಬನ್ನಿ ಅಂದಿದ್ದಾರೆ ಮೇಡಂ. ಕಾಲೇಜಲ್ಲಿ ಮೈಬಿಸಿಯಷ್ಟು ಬೆಚ್ಚಗಿರೋ ಪೆಟ್ಟಿಗೇಲಿ ಒಂದು ರಾತ್ರಿ ಇಟ್ರೆ, ಕೈಮೇಲಿದ್ದ ಒಂದೊಂದು ಬ್ಯಾಕ್ಟೀರಿಯಾನೂ ಮರಿ ಹಾಕಿ ಹಾಕಿ ಒಂದೊಂದು ಚುಕ್ಕೆ ಆಗುತ್ತೆ. ಆಗ ಕಣ್ಣಿಗೆ ಕಾಣ್ಸುತ್ತೆ."

"ಮೂರನೇ ತಟ್ಟೆ ಯಾರಿಗೆ?" ಎಂದು ಕೇಳಿದರು ಟೀಚರಮ್ಮ. ಎದುರು ಮನೆಯಲ್ಲಿ ಚೀಲ ಬಿಚ್ಚುವ ಸದ್ದಾದರೆ ಅವರು ಈ ಮನೆಯಲ್ಲಿರುತ್ತಿದ್ದರು.

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಜೆಲ್ಲಿನೇ ಕೆಟ್ಟಿದ್ರೆ ಅದರಲ್ಲೂ ಚುಕ್ಕೆ ಬರುತ್ತೆ. ಕೆಟ್ಟಿಲ್ಲ ಅಂತ ತೋರ್ಸೋಕೆ ಅದು ಸಾಕ್ಷಿ."

ತೊಳೆಯಪ್ಪನವರ ಮುಖ ಅರಳಿತು. ವಿಜ್ಞಾನವೇ ಮನೆ ಬಾಗಿಲಿಗೆ ಬಂದು ತಮ್ಮ ಪಕ್ಷ ವಹಿಸುತ್ತಿದೆ! ಅವರು ಸ್ಟೂಲಿನಿಂದ ಎದ್ದು ನಿಂತು, ಬೀಗರು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಟೀಚರಮ್ಮ ಎಲ್ಲರ ಮುಂದೆ ಘೋಷಿಸಿಬಿಟ್ಟರು.

"ಎಲ್ಲರೂ ಕೇಳಿ. ನಾನೂ ಒತ್ತುತೀನಿ, ಬೀಗರೂ ಒತ್ತಲಿ. ಯಾರ ತಟ್ಟೆ ಖಾಲಿ ಇರುತ್ತೋ ಅವರು ಮಗೂನ ಎತ್ಕೋಬೇಕು. ಯಾರ ತಟ್ಟೇಲಿ ಚುಕ್ಕೆ ಏಳುತ್ತೋ ಅವರು ಮಗು ಮುಟ್ಟಬಾರದು. ಅದು ನಾನೇ ಆದ್ರೂ ಸರಿ. ಮಗು ಆಣೆಗೂ."

"ಆಣೆ ಗೀಣೆ ಯಾಕ್ರೀ?" ಎಂದರು ಹೆಂಡತಿ, ಒದ್ದೆ ಬಟ್ಟೆ ಹಿಂಡುತ್ತಾ.

"ನಾನು ಸಾಕ್ಷಿ," ಎಂದರು ಟೀಚರಮ್ಮ.

ಬೀಗರು ಪಾಪ, ತಮ್ಮ ಕೈಯನ್ನೊಮ್ಮೆ ನೋಡಿಕೊಂಡು ಆಗಲಿ ಎಂದು ತಲೆಯಾಡಿಸಿದರು. ಇಬ್ಬರೂ ತೊಳೆದರು. ಬೀಗರು ತೊಳೆದದ್ದು ನಲ್ಲಿಯಲ್ಲಿ. ತೊಳೆಯಪ್ಪನವರು ತೊಳೆದದ್ದನ್ನು ತೊಳೆದರು ಎಂದರೆ ಸಾಲದು, ಕೈಯ ಒಂದು ಪದರವನ್ನೇ ಬಚ್ಚಲಿಗೆ ಕಳಿಸಿದರು. ಆಮೇಲೆ ಇಬ್ಬರೂ ತಂತಮ್ಮ ತಟ್ಟೆಗೆ ಬೆರಳೊತ್ತಿದರು. ಮಗಳು ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಅಳಿಸದ ಶಾಯಿಯ ದುಂಡಗಿನ ಅಕ್ಷರದಲ್ಲಿ 'ಅಪ್ಪ', 'ಮಾವ', 'ಯಾರೂ ಇಲ್ಲ' ಎಂದು ಬರೆದು, 'ಅಪ್ಪ'ನ ಪಕ್ಕದಲ್ಲಿ ಒಂದು ಹೂವನ್ನೂ ಬಿಡಿಸಿದಳು.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗಿದ್ದಾಗ ತೊಳೆಯಪ್ಪನವರು ತಟ್ಟೆಗಳನ್ನು ನೋಡಿದರು. ಮೇಲೆಲ್ಲ ಬೆರಳ ಗುರುತು, ಚೀಲದ ನೂಲು. ಇಂಥ ತಟ್ಟೆಗಳನ್ನು ಕಾಲೇಜಿಗೆ ಕಳಿಸಿದರೆ ಮನೆಯ ಮಾನವೇನಾಗಬೇಕು? ಮಗಳಿಗೆ ಹೇಳದೆ ಅವಕ್ಕೊಂದು ಗತಿ ಕಾಣಿಸಿ, ಫಳಫಳ ಹೊಳೆಯುವ ಹಾಗೆ ಮಾಡಿ ಚೀಲದಲ್ಲಿಟ್ಟರು.

ಮಾರನೆಯ ಸಂಜೆ ಜಗುಲಿ ತುಂಬಿತ್ತು. ಟೀಚರಮ್ಮ ಕನ್ನಡಕ ಒರೆಸಿಕೊಂಡು ಬಂದಿದ್ದರು. ತೊಳೆಯಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗುವನ್ನು ಎತ್ತಿಕೊಳ್ಳುವಾಗ ಹೇಗೆ ನಿಲ್ಲಬೇಕೆಂದು ಯೋಚಿಸುತ್ತಿದ್ದರು. ಏಕೆಂದರೆ ನಿಜ ಹೇಳಬೇಕೆಂದರೆ, ಅವರು ಕೂಡ ಮೊಮ್ಮಗಳನ್ನು ಅದುವರೆಗೆ ಎತ್ತಿಕೊಂಡಿರಲಿಲ್ಲ. ಪ್ರತಿ ಸಲವೂ ಇನ್ನೊಮ್ಮೆ ತೊಳೆದು ಬರುತ್ತೇನೆ ಎಂದು ಹೋಗುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು.

ಕಿರಿಯ ಮಗಳು ಬಂದಳು. ಮುಖ ಸರಿಯಿರಲಿಲ್ಲ. ಫೋನಿನಲ್ಲಿ ಎರಡು ಫೋಟೋ ತೋರಿಸಿದಳು.

'ಮಾವ' ಎಂದು ಬರೆದ ತಟ್ಟೆ ತೊಳೆದಿಟ್ಟ ಕನ್ನಡಿಯ ಹಾಗಿತ್ತು. ಒಂದು ಚುಕ್ಕೆ ಇಲ್ಲ. 'ಅಪ್ಪ' ಎಂದು ಬರೆದ ತಟ್ಟೆಯಲ್ಲಿ ಜಾಗವೇ ಇರಲಿಲ್ಲ. ಬಿಳಿ ಚುಕ್ಕೆ, ಕೆನೆಬಣ್ಣದ ಚುಕ್ಕೆ, ಚುಕ್ಕೆಯ ಮೈಮೇಲೆ ಚುಕ್ಕೆ. ಮುಚ್ಚಳದ ಹೂವು ಮಾತ್ರ ಚೆನ್ನಾಗಿ ಬಂದಿತ್ತು.



"ಫೋನು ತಲೆಕೆಳಗಾಗಿದೆಯಾ ನೋಡು," ಎಂದರು ತೊಳೆಯಪ್ಪನವರು.

"ಅಪ್ಪ, ತಟ್ಟೆ ದುಂಡಗಿದೆ. ತಲೆಕೆಳಗಾದ್ರೂ ಅಷ್ಟೇ."

"ಮಗು ಆಣೆ ಅಂದಿದ್ರಿ," ಎಂದು ಟೀಚರಮ್ಮ ನೆನಪಿಸಿದರು. ಆಕೆಯ ಸ್ವರದಲ್ಲಿ ಹತ್ತೂ ಉಗುರಿನ ಸೇಡು ಇತ್ತು. "ನಾನು ಸಾಕ್ಷಿ ಬೇರೆ ಇದ್ದೆ."

ಹೆಂಡತಿ ಒಳಗಿನಿಂದ ಮಗುವನ್ನು ತಂದು ಬೀಗರ ಕೈಗಿಟ್ಟರು. ಬೀಗರು ಗಾಬರಿಯಾಗಿ, ಲಾರಿಯ ಗೇರ್‌ಬಾಕ್ಸನ್ನು ಹೊಟ್ಟೆಗಾನಿಸಿಕೊಂಡು ಹಿಡಿಯುವಂತೆ ಎರಡೂ ಕೈಯಲ್ಲಿ ಅವುಚಿಕೊಂಡರು. ಮಗು ಕಣ್ಣು ಬಿಟ್ಟಿತು. ಸರಳುಗಳಿಲ್ಲದ ಮೀಸೆಯನ್ನು ಅದು ಮೊದಲ ಸಲ ನೋಡುತ್ತಿತ್ತು. ನೋಡಿ, ಆಕಳಿಸಿ, ಅಲ್ಲೇ ನಿದ್ದೆ ಹೋಯಿತು. ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ತೊಳೆಯಪ್ಪನವರು ಬೆಂಚಿನ ಮೇಲೆ, ಬೀಗರು ಕೂರುತ್ತಿದ್ದ ಜಾಗದಲ್ಲೇ ಹೋಗಿ ಕೂತರು. ಮಾಡಿದ್ದುಣ್ಣೋ ಮಹರಾಯ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಂದಿನಿಂದ ಅವರು ತಮ್ಮ ಕೈಯನ್ನು ನೆರೆಯವರ ನಾಯಿಯ ಹಾಗೆ ದೂರವೇ ಇಟ್ಟುಕೊಂಡು ಓಡಾಡತೊಡಗಿದರು. ಬಾಗಿಲನ್ನು ಮೊಣಕೈಯಿಂದ ನೂಕುವುದು, ದೀಪದ ಸ್ವಿಚ್ಚನ್ನು ಛತ್ರಿಯ ತುದಿಯಿಂದ ಒತ್ತುವುದು. ಸೋಪು ಕರಗಿತು, ಕೈ ಬಿರಿಯಿತು, ಬಿರುಕಿಗೆ ಮತ್ತೆ ಸೋಪು ಹಾಕಿದರು. ಮೊದಲು ಕೊಳೆ ಹೋಗಲೆಂದು ತೊಳೆಯುತ್ತಿದ್ದವರು ಈಗ ಅಕ್ಷರಶಃ ಕೈ ತೊಳೆದುಕೊಂಡು ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದ್ದರು.

ಬೀಗರಿಗೇ ಮರುಕ ಬಂತು. "ಬೀಗರೇ, ಆಣೆ ಎಲ್ಲ ಗಾಳಿಗೆ ತೂರಿ. ಬನ್ನಿ, ಎತ್ಕೊಳ್ಳಿ. ನಾನೇನು ಗೆದ್ದೆ ಅಂತ ಬೀಗ್ತಾ ಇಲ್ಲ."

"ನಿಮಗೆ ಅರ್ಥ ಆಗಲ್ಲ," ಎಂದರು ತೊಳೆಯಪ್ಪನವರು. "ಆಣೆ ಪ್ರಶ್ನೆ ಅಲ್ಲ ಇದು. ಆ ಫೋಟೋ ನೋಡಿದ ಮೇಲೆ ನನ್ನ ಕೈ ನನಗೇ ಭಯ. ನನ್ನಿಂದ ಆ ಕೂಸಿಗೆ ಏನಾದ್ರೂ ಆದ್ರೆ ನಾನು ಬದುಕ್ತೀನಾ?"

ಇದು ಮಾತ್ರ ನಿಜವಾದ ಭಯ. ಬೀಗರು ಮತ್ತೆ ಒತ್ತಾಯಿಸಲಿಲ್ಲ.

ಈ ನಡುವೆ ಟೀಚರಮ್ಮ ವಿಷಯವನ್ನು ಗುಟ್ಟಾಗಿ ಇಟ್ಟಿದ್ದರು. ಅಂದರೆ ಬೀದಿಯ ಪ್ರತಿ ಮನೆಗೂ ಬೇರೆ ಬೇರೆಯಾಗಿ ಹೋಗಿ, ಯಾರಿಗೂ ಹೇಳಬೇಡಿ ಎಂದು ಹೇಳಿದ್ದರು. ಮೊದಲ ಮನೆಯಲ್ಲಿ ಅದು ಚುಕ್ಕೆಯಾಗಿತ್ತು, ನಡು ಬೀದಿಯಲ್ಲಿ ಹುಳವಾಯಿತು, ಮೂಲೆಯ ಮನೆ ಮುಟ್ಟುವ ಹೊತ್ತಿಗೆ ಗಡಿಯಾರದವರ ಕೈಗೆ ಹೆಸರಿಲ್ಲದ ಕಾಯಿಲೆ ಅಂಟಿ, ಕಾಲೇಜಿನವರು ಅದನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದರು. ಗಿರಾಕಿಗಳು ವಾಚನ್ನು ಕರವಸ್ತ್ರದಲ್ಲಿ ಹಿಡಿದು ತರತೊಡಗಿದರು. ತೊಳೆಯಪ್ಪನವರು ಕೈಗವಸು ಹಾಕಿಕೊಂಡರು. ರಬ್ಬರಿನ ಬೆರಳಿಗೆ ತಿರುಪು ಸಿಕ್ಕಲಿಲ್ಲ. ಸಿಕ್ಕ ಒಂದು ತಿರುಪು ಹಾರಿ ಗಿರಾಕಿಯ ಜೇಬಿಗೆ ಬಿದ್ದು, ಆತ ತನಗೂ ಅಂಟಿತೆಂದು ಅಂಗಿ ಬಿಚ್ಚಿ ಎಸೆದು ಓಡಿದ.

ಆ ಓಟವೇ ಹೆಲ್ತ್ ಇನ್ಸ್‌ಪೆಕ್ಟರನ್ನು ಅಂಗಡಿಗೆ ಕರೆತಂದಿತು. ಅವರು ಹೊಸ್ತಿಲಾಚೆಯೇ ನಿಂತರು.

"ನಿಮ್ಮ ಕೈಲಿ ಏನೋ ಬೆಳೀತಿದೆಯಂತೆ?"

"ಸಾರ್, ಬೆಳೆದದ್ದು ತಟ್ಟೇಲಿ."

"ತಟ್ಟೇಲಿ ಬೆಳೆದದ್ದು ಎಲ್ಲಿಂದ ಬಂತು?"

"ಕೈಯಿಂದ ಸಾರ್."

"ಮತ್ತೆ! ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?" ಎಂದು ಇನ್ಸ್‌ಪೆಕ್ಟರು ಜಯಶೀಲರಾಗಿ ನುಡಿದರು. "ಕಾಲೇಜಿನ ಆ ಮೇಡಂ ಹತ್ರ ಹೋಗಿ. ಕೈ ಸರಿ ಇದೆ ಅಂತ ಅವರು ಹೇಳಿದ್ರೆ ಅಂಗಡಿ ತೆಗೀರಿ. ಅಲ್ಲೀವರೆಗೆ ಬಾಗಿಲು ಹಾಕಿ." ಹೊರಟವರು ತಿರುಗಿದರು. "ಅಂದಹಾಗೆ ನನ್ನ ವಾಚು ಏನಾಯ್ತು?"

"ರೆಡಿ ಇದೆ ಸಾರ್." ತೊಳೆಯಪ್ಪನವರು ಕಪಾಟಿಗೆ ಕೈ ಹಾಕಿದರು.

"ಬೇಡ ಬೇಡ ಬೇಡ! ಇಲ್ಲೇ ಇರಲಿ. ನನಗೇನೂ ಅರ್ಜೆಂಟಿಲ್ಲ." ಟೈಮು ಗೊತ್ತಿಲ್ಲದ ಆ ಮನುಷ್ಯ ಆಗ ಹೋದ ವೇಗ ನೋಡಿದರೆ ಎಲ್ಲೋ ಬಹಳ ಅರ್ಜೆಂಟಿದ್ದಂತೆ ಕಾಣುತ್ತಿತ್ತು.

ಕಿರಿಯ ಮಗಳು ಅತ್ತಳು. "ಅಪ್ಪ, ದಮ್ಮಯ್ಯ, ಕಾಲೇಜಿಗೆ ಬರಬೇಡ. ಮರ್ಯಾದೆ ಹೋಗುತ್ತೆ." ಅಪ್ಪ ಕೇಳಲಿಲ್ಲ. ಮರ್ಯಾದೆ ಹೋಗಿಯಾಗಿತ್ತು, ಈಗ ಅವರಿಗೆ ಬೇಕಾಗಿದ್ದು ಕೈ. ಬೀಗರು ರಿಪೇರಿಯಾದ ಲಾರಿಯೊಂದನ್ನು ಓಡಿಸಿ ನೋಡುವ ನೆಪದಲ್ಲಿ ಅವರನ್ನು ಹತ್ತಿಸಿಕೊಂಡು ಕಾಲೇಜಿನ ಗೇಟಿನ ಮುಂದೆ ನಿಲ್ಲಿಸಿದರು. ಕಾವಲಿನವ ಏನು ಲೋಡು ಎಂದು ಕೇಳಿದ. "ನಾನೇ," ಎಂದರು ತೊಳೆಯಪ್ಪನವರು.

ಪ್ರಯೋಗಶಾಲೆಯಲ್ಲಿ ಉದ್ದನೆಯ ಮೇಜುಗಳು, ಸಾಲಾಗಿ ಮೈಕ್ರೋಸ್ಕೋಪು, ನೀಲಿ ಜ್ವಾಲೆಯ ಬರ್ನರು. ಗಾಜಿನ ಚೂರಿನ ಮೇಲೆ ಬ್ಯಾಕ್ಟೀರಿಯಾಗೆ ನೇರಳೆ ಬಣ್ಣ ಹಚ್ಚುವ ಪಾಠ ನಡೆಯುತ್ತಿತ್ತು. ಅದು ಬ್ಯಾಕ್ಟೀರಿಯಾಗಿಂತ ವಿದ್ಯಾರ್ಥಿಗಳ ಬೆರಳಿಗೇ ಹೆಚ್ಚು ಹತ್ತಿತ್ತು. ಮೇಡಂ ಅವರ ಹತ್ತು ಬೆರಳೂ ನೇರಳೆ. ಅದನ್ನು ಕಂಡು ಬೀಗರಿಗೆ ಎಲ್ಲಿಲ್ಲದ ಧೈರ್ಯ ಬಂದು, ಅಲ್ಲಿಯವರೆಗೆ ಜೇಬಿನಲ್ಲಿಟ್ಟಿದ್ದ ಕೈಗಳನ್ನು ಹೊರಗೆ ತೆಗೆದರು.

"ಮೇಡಂ, ನನ್ನನ್ನ ಏನು ಬೇಕಾದ್ರೂ ಮಾಡಿ," ಎಂದು ತೊಳೆಯಪ್ಪನವರು ಕೈಗವಸಿನ ಕೈಗಳನ್ನು ಚಾಚಿದರು. "ಆದ್ರೆ ಒಂದು ಹೇಳ್ಬಿಡಿ. ನಾನು ಮೊಮ್ಮಗಳನ್ನ ಎತ್ಕೋಬಹುದಾ, ಈ ಜನ್ಮಕ್ಕೆ ಇಲ್ಲವಾ?"

ಮೇಡಂ ಕಥೆಯನ್ನೆಲ್ಲ ಕೇಳಿದರು. ನಗಲಿಲ್ಲ. ಕೈಗವಸು ತೆಗೆಸಿ, ಬಿರಿದ ಅಂಗೈಯನ್ನು ತಿರುಗಿಸಿ ನೋಡಿ, ನಾಲಿಗೆ ಲೊಚಗುಟ್ಟಿದರು. ಆಮೇಲೆ ಮೇಜಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಕಿರಿಯ ಮಗಳಿಗೆ, "ಆ ತಟ್ಟೆ ತಗೊಂಡು ಬಾರಮ್ಮ," ಎಂದರು.

ಹುಡುಗಿ ತಂದಳು. ಮೇಡಂ ಒಂದನ್ನು ಎತ್ತಿ, ಅಡಿ ತಿರುಗಿಸಿ ನೋಡಿದರು. ಅಡಿಯಲ್ಲಿ ಏನೂ ಇರಲಿಲ್ಲ.

"ಹೆಸರೆಲ್ಲಿ ಬರೆದಿದೀಯ?"

"ಮುಚ್ಚಳದ ಮೇಲೆ ಮೇಡಂ."

ಇಡೀ ಪ್ರಯೋಗಶಾಲೆ ಮೈಕ್ರೋಸ್ಕೋಪಿನಿಂದ ತಲೆಯೆತ್ತಿತು. ಮೊದಲ ದಿನದ ಮೊದಲ ಪಾಠ ಅಲ್ಲಿ ಎಲ್ಲರಿಗೂ ಬಾಯಿಪಾಠ.

"ಹೆಸರು ತಟ್ಟೆಯ ತಳಕ್ಕೆ ಬರೀಬೇಕು ಅಂತ ಯಾಕೆ ಹೇಳ್ತೀನಿ? ಬ್ಯಾಕ್ಟೀರಿಯಾ ಇರೋದು ತಳದಲ್ಲಿ. ಮುಚ್ಚಳ ಯಾರ ತಲೆ ಮೇಲೆ ಬೇಕಾದ್ರೂ ಕೂರುತ್ತೆ. ಈ ಮುಚ್ಚಳಾನ ಯಾರಾದ್ರೂ ತೆಗೆದ್ರಾ?"

"ಇಲ್ಲ ಮೇಡಂ. ಒತ್ತಿಸಿದ ಮೇಲೆ ಯಾರೂ ಮುಟ್ಟಿಲ್ಲ."

ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತೊಳೆಯಪ್ಪನವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ನಾನು... ತೊಳೆದೆ," ಎಂದರು.

"ಏನನ್ನ?"

"ಮುಚ್ಚಳಗಳನ್ನ. ಬೆರಳ ಗುರುತಿತ್ತು ಮೇಡಂ. ಮೂರನ್ನೂ ತೆಗೆದು, ಸೋಪು ಹಾಕಿ ತೊಳೆದು, ಒರೆಸಿ ಮುಚ್ಚಿಟ್ಟೆ."

"ಯಾವುದು ಯಾವುದರ ಮೇಲೆ?"

"ತಟ್ಟೆ ಮೂರೂ ಒಂದೇ ಥರ ಇದ್ವು," ಎಂದು ತೊಳೆಯಪ್ಪನವರು ಪಿಸುಗುಟ್ಟಿದರು. ಒಂದು ಗಡಿಯಾರದ ಅಷ್ಟೂ ಬಿಡಿಭಾಗ ಬಿಚ್ಚಿ ಹರವಿ, ಒಂದನ್ನೂ ತಪ್ಪದೆ ಅದರದರ ಜಾಗಕ್ಕೆ ಕೂರಿಸುವ ಮನುಷ್ಯ ಮೂರು ಮುಚ್ಚಳಕ್ಕೆ ಸೋತಿದ್ದರು.

ಮೇಡಂ ಹುಡುಗಿಯತ್ತ ತಿರುಗಿದರು. "ಯಾರೂ ಮುಟ್ಟದ ತಟ್ಟೆ ಇದೆಯಲ್ಲ, ಅದರಲ್ಲೇನಿದೆ?"

ಹುಡುಗಿಯ ಕಣ್ಣು ತುಂಬಿತು. "ಅದರಲ್ಲೂ ಚುಕ್ಕೆ ಎದ್ದಿತ್ತು ಮೇಡಂ. ಜೆಲ್ಲಿ ಕೆಡಿಸಿದೆ ಅಂತ ಬೈತೀರಿ ಅಂತ ಯಾರಿಗೂ ತೋರಿಸಲಿಲ್ಲ."

ಮೇಡಂ ಮೂರೂ ತಟ್ಟೆಗಳನ್ನು ಸಾಲಾಗಿ ಇಟ್ಟು, ಮುಚ್ಚಳಗಳತ್ತ ನೋಡಲೇ ಬೇಡಿ ಎಂದರು. ಎರಡರಲ್ಲಿ ಬೆರಳ ಆಕಾರದಲ್ಲೇ ಚುಕ್ಕೆಗಳು ಎದ್ದಿದ್ದವು. ಒಂದು ಬಟಾಬಯಲು. "ಬೆರಳೊತ್ತಿದ್ದು ಎಷ್ಟು ಜನ? ಇಬ್ಬರು. ಬೆಳೆದದ್ದು ಎಷ್ಟು? ಎರಡು. ಹಾಗಾದ್ರೆ ಈ ಖಾಲಿ ತಟ್ಟೆ ಯಾರದು?"

ತೊಳೆಯಪ್ಪನವರು ಬೀಗರ ಮುಖ ನೋಡಿದರು, ಬೀಗರು ತೊಳೆಯಪ್ಪನವರ ಮುಖ ನೋಡಿದರು.

"ಅಂದ್ರೆ ಅದು ಯಾರೂ ಮುಟ್ಟದ್ದು! ನನಗೂ ಇದೆ!" ಎಂದರು ಬೀಗರು. ಅವರಿಗೆ ಬೇಸರವಾಗುವ ಬದಲು ಒಬ್ಬನೇ ದಡದಲ್ಲಿದ್ದವನಿಗೆ ಜೊತೆ ಸಿಕ್ಕ ಹಾಗಾಯಿತು.

"ನಿಮಗಿದೆ, ಅವರಿಗಿದೆ, ನನಗಿದೆ." ಮೇಡಂ ಕಪಾಟಿನಿಂದ ಇನ್ನೊಂದು ತಟ್ಟೆ ತಂದು ಮುಂದಿಟ್ಟರು. ಅದರ ತಳದಲ್ಲಿ ನೀಟಾಗಿ ಅವರ ಸಹಿ. "ಇದು ನನ್ನ ಕೈ. ಪ್ರತಿ ವರ್ಷ ಮಕ್ಕಳಿಗೆ ತೋರ್ಸೋಕೆ ಒತ್ತುತೀನಿ."

ತೊಳೆಯಪ್ಪನವರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕಿತ್ತು.

"ಮೇಡಂ! ನಿಮ್ಮದು ನನಗಿಂತ ಜಾಸ್ತಿ ಇದೆ!"

"ಇರಬಹುದು," ಎಂದು ಮೇಡಂ ಈಗ ನಕ್ಕರು. "ಕೇಳಿ ಯಜಮಾನ್ರೇ. ಚರ್ಮದ ಮೇಲೆ ಎರಡು ಥರದವರು ಇರ್ತಾರೆ. ಒಬ್ಬರು ಮನೆಯವರು. ಹುಟ್ಟಿದಾಗಿನಿಂದ ಅಲ್ಲೇ ಇರೋರು, ಸಾಮಾನ್ಯವಾಗಿ ತಂಟೆಗೆ ಬರಲ್ಲ, ಹೊಸಬರಿಗೆ ಜಾಗಾನೂ ಬಿಡಲ್ಲ. ಇನ್ನೊಬ್ಬರು ದಾರಿಹೋಕರು. ಅಲ್ಲಿ ಇಲ್ಲಿ ಮುಟ್ಟಿದಾಗ ಹತ್ಕೊಂಡು ಬರೋರು. ಕಾಯಿಲೆ ತರೋರು ಹೆಚ್ಚಾಗಿ ಅವರು. ಸೋಪು ಇರೋದು ಆ ದಾರಿಹೋಕರನ್ನ ಕಳಿಸೋಕೆ. ನೀವು ಮನೆಯವರನ್ನೂ ಆಚೆ ಹಾಕ್ತೀನಿ ಅಂತ ಹೊರಟು ಗೋಡೆ ಕೆಡವಿದೀರಿ, ನೋಡಿ ಈ ಬಿರುಕು. ಬಿರುಕು ಬಿಟ್ಟ ಚರ್ಮದಲ್ಲೇ ಬೇಡದವರು ಬಂದು ಸೇರೋದು."

"ಹಾಗಾದ್ರೆ ತೊಳೆಯೋದೇ ಬೇಡವಾ?" ಎಂದು ಬೀಗರು ಆಸೆಯಿಂದ ಕೇಳಿದರು.

"ತೊಳೀಲೇಬೇಕು. ಮಗು ಎತ್ಕೊಳ್ಳೋ ಮುಂಚೆ ಸೋಪಲ್ಲಿ ಒಂದ್ಸಲ ಸರಿಯಾಗಿ ತೊಳೆದು, ಒರೆಸ್ಕೊಂಡು, ಎತ್ಕೊಳ್ಳಿ. ಶೀತ ಜ್ವರ ಇದ್ರೆ ದೂರ ಇರಿ. ನಿಮ್ಮ ಗ್ರೀಸಿನ ಗೆರೆ ಇರಲಿ ಬಿಡಿ, ಅದು ಕಾಯಿಲೆ ಅಲ್ಲ." ತೊಳೆಯಪ್ಪನವರ ಕೈಗೆ ಒಂದು ಮುಲಾಮಿನ ಹೆಸರು ಹೇಳಿ, "ಆ ಇನ್ಸ್‌ಪೆಕ್ಟರಿಗೂ ಹೇಳಿ," ಎಂದು ಸೇರಿಸಿದರು. "ಅನುಮಾನ ಇದ್ರೆ ಇಲ್ಲಿಗೇ ಬರಲಿ. ಮಕ್ಕಳ ಮುಂದೆ ಅವರ ಕೈನೂ ಒತ್ತಿಸ್ತೀನಿ."

ಈ ಮಾತು ತಲುಪಿದ ಕೂಡಲೇ ಇನ್ಸ್‌ಪೆಕ್ಟರು ಓಡಿಬಂದು, ತೊಳೆಯಪ್ಪನವರ ಬರಿಗೈಯಿಂದಲೇ ವಾಚು ಇಸಿದುಕೊಂಡು, ಅಲ್ಲೇ ಕಟ್ಟಿಕೊಂಡು ಹೋದರು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಲಾರಿ ಮನೆಯ ಮುಂದೆ ನಿಂತಾಗ ಜಗುಲಿಯಲ್ಲಿ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. ಮಗು ಬೀದಿಗೆ ಕೇಳುವ ಹಾಗೆ ಅಳುತ್ತಿತ್ತು. ಟೀಚರಮ್ಮ ಆಗಲೇ ಅಲ್ಲಿದ್ದರು. ಬೀಗರಿಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಕಥೆ ಹೇಳಿ ಮುಗಿಸಿದರು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು.

"ಅಂದ್ರೆ ಆಣೆ ಪ್ರಕಾರ ಖಾಲಿ ತಟ್ಟೆಯವರು ಮಾತ್ರ ಮಗು ಎತ್ಕೋಬೇಕು. ಖಾಲಿ ತಟ್ಟೆ ಯಾರದೂ ಅಲ್ಲ. ಹಾಗಾದ್ರೆ ಈ ಮಗೂನ ಎತ್ಕೊಳ್ಳೋಕೆ ಯಾರೂ..."

"ಟೀಚರೇ, ಸ್ವಲ್ಪ ಸುಮ್ನಿರಿ," ಎಂದರು ಹೆಂಡತಿ. ಜೋರಾಗಿ ಹೇಳಲಿಲ್ಲ, ಆದರೂ ಎಲ್ಲರೂ ಸುಮ್ಮನಾದರು. ಮಗು ಕೂಡ ಒಂದು ಕ್ಷಣ ಅಳು ನಿಲ್ಲಿಸಿತು. "ತಟ್ಟೆ ತಂದ್ರಿ, ಆಣೆ ಇಟ್ರಿ, ಕಾಲೇಜಿಗೆ ಹೋಗಿಬಂದ್ರಿ. ಈ ಮಗು ಹುಟ್ಟಿದಾಗಿನಿಂದ ಎತ್ತಿ, ಹಾಲು ಕಕ್ಕಿದ್ದು ಒರೆಸಿ, ಬಟ್ಟೆ ಹಿಂಡಿ, ನಿದ್ದೆ ಮಾಡಿಸಿದ್ದು ಈ ಕೈ. ಈ ಕೈನ ಯಾವ ತಟ್ಟೆಗಾದ್ರೂ ಒತ್ತಿಸಿದ್ರಾ? ಒಬ್ಬರಾದ್ರೂ ಕೇಳಿದ್ರಾ? ನನ್ನ ತೋಳು ಬಿದ್ದುಹೋಗ್ತಾ ಇದೆ. ಬನ್ನಿ, ಹಿಡ್ಕೊಳ್ಳಿ."

ತೊಳೆಯಪ್ಪನವರು ಅಭ್ಯಾಸಬಲದಿಂದ ಬಕೆಟ್ಟಿನತ್ತ ತಿರುಗಿದರು.

"ಒಂದ್ಸಲ!" ಎಂದರು ಹೆಂಡತಿ.

ಒಂದೇ ಸಲ ತೊಳೆದರು. ಒರೆಸಿಕೊಂಡರು. ಇನ್ನೊಮ್ಮೆ ಸೋಪಿನ ಕಡೆ ಹೋಗಲಿದ್ದ ಕೈಯನ್ನು ಬೀಗರು ನಡುದಾರಿಯಲ್ಲೇ ಹಿಡಿದು ಈಚೆಗೆ ತಂದರು. ಹೆಂಡತಿ ಮಗುವನ್ನು ಅವರ ತೋಳಿಗೆ ಇಟ್ಟರು.

ತೊಳೆಯಪ್ಪನವರು ಉಸಿರು ಬಿಗಿಹಿಡಿದರು. ಕೈಗೆ ಬಂದ ಯಾವುದನ್ನಾದರೂ ಎಲ್ಲಿ ಹಿಡಿಯಬೇಕು, ಎಲ್ಲಿ ತಿರುಗಿಸಬೇಕು ಎಂದು ಬಲ್ಲ ಮನುಷ್ಯ. ಇದಕ್ಕೆ ಯಾವ ಕಡೆಯಿಂದ ಆಧಾರ ಕೊಡಬೇಕೆಂದೇ ತಿಳಿಯಲಿಲ್ಲ. ಇಷ್ಟು ಹಗುರ, ಇಷ್ಟು ಬಿಸಿ! ಮಗು ಅವರ ಬಿರಿದ ಬೆರಳೊಂದನ್ನು ಹಿಡಿದು, ಅತ್ತಿತ್ತ ನೋಡಿ, ಯಾರ ಅನುಮತಿಯನ್ನೂ ಕೇಳದೆ ಸೀದಾ ಬಾಯಿಗೆ ಹಾಕಿಕೊಂಡಿತು.

ಟೀಚರಮ್ಮನ ಬಾಯಿ ತೆರೆದಿತ್ತು. ಕಿರಿಯ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮಗು ಹಲ್ಲಿಲ್ಲದ ಒಸಡಿನಲ್ಲಿ ಬೆರಳನ್ನು ಒಮ್ಮೆ ಅಗಿದು, ತೃಪ್ತಿಯಾಗಿ, ಅಳು ಮರೆತು ಚೀಪತೊಡಗಿತು.

ತೊಳೆಯಪ್ಪನವರು ಬಹಳ ದಿನದಿಂದ ಹಿಡಿದಿದ್ದ ಉಸಿರು ಬಿಟ್ಟರು.

"ಇರಲಿ ಬಿಡಿ," ಎಂದರು. "ಮನೆಯವರೇ ತಾನೆ."

ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು, ಬೀಗರಿಗೂ ಕೂರಲು ಜಾಗ ಮಾಡಿದರು.